ಗೊಂದಲಪುರದಿಂದ ಶಂಕರವಾಡಿಗೆ: ನವ್ಯಕಾವ್ಯದ ಕುಸಿತ ಮತ್ತು ಕಾಗಿಣಾ ಸೀಮೆ

ಕುಸಿದ ಸಮಾಜವನ್ನು ಕಾವ್ಯ ಹೇಗೆ ಕಂಡಿತು ಎಂದು ಬರೆಯುವವರು ಸಾಮಾನ್ಯವಾಗಿ 1922ರಿಂದ, ಎಲಿಯಟ್ಟನ ‘ದಿ ವೇಸ್ಟ್ ಲ್ಯಾಂಡ್’ನಿಂದ ಶುರು ಮಾಡುತ್ತಾರೆ. ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನವರು ಅದಕ್ಕಿಂತ ಸುಮಾರು ಸಾವಿರ ವರ್ಷ ಹಿಂದಕ್ಕೆ ಹೋಗಬಹುದು. ಕಾಗಿಣಾ ದಂಡೆಯ ಮಳಖೇಡ, ಅಂದರೆ ರಾಷ್ಟ್ರಕೂಟರ ಮಾನ್ಯಖೇಟ, 972ರಲ್ಲಿ ಪರಮಾರ ಸೀಯಕನ ಕೈಯಲ್ಲಿ ಸೂರೆಹೋಯಿತು. ಗೆದ್ದವರ ಕಡೆಯ ಧನಪಾಲ ತನ್ನ ಪ್ರಾಕೃತ ಕೋಶಕ್ಕೆ ಕಾಲ ಹಾಕುವಾಗ ಈ ಲೂಟಿಯನ್ನೇ ಗುರುತಾಗಿ ಬಳಸಿಕೊಂಡ. ಇತ್ತ ಮಾನ್ಯಖೇಟದಲ್ಲೇ ಅಪಭ್ರಂಶ ‘ಮಹಾಪುರಾಣ’ ಬರೆದ ಪುಷ್ಪದಂತ, ಊರು ಬೆಂದ ಮೇಲೆ ತಾನಿನ್ನು ಎಲ್ಲಿರಲಿ ಎಂದು ಮರುಗಿದ. ಒಬ್ಬನಿಗೆ ತಾರೀಖು, ಇನ್ನೊಬ್ಬನಿಗೆ ಮನೆ ಹೋದ ಸಂಕಟ. ಆದರೆ ಪುಷ್ಪದಂತನಿಗೆ ಕಳೆದುಕೊಳ್ಳಲು ಒಂದು ಆಶ್ರಯವಾದರೂ ಇತ್ತು. ಈ ಲೇಖನದ ಪ್ರಶ್ನೆ ಹುಟ್ಟುವುದೇ ಅಲ್ಲಿ: ಆಶ್ರಯವೇ ಸಿಗದವನಿಗೆ ಕುಸಿತ ಹೇಗೆ ಕಂಡೀತು?

ಕನ್ನಡ ನವ್ಯಕಾವ್ಯದ ಮುಂದಾಳು ಗೋಪಾಲಕೃಷ್ಣ ಅಡಿಗರ (1918–1992) ‘ಕಟ್ಟುವೆವು ನಾವು’ ಸಂಕಲನ ಬಂದದ್ದು 1948ರಲ್ಲಿ; ‘ಗೊಂದಲಪುರ’ ಇರುವ ‘ಚಂಡೆಮದ್ದಳೆ’ 1954ರಲ್ಲಿ. ಆರೇ ವರ್ಷಗಳಲ್ಲಿ ಕಟ್ಟುವ ಉತ್ಸಾಹ ಗೊಂದಲದ ಊರಿಗೆ ಬಂದು ಮುಟ್ಟಿತು. ದೇಶವಿಭಜನೆ, ಗಾಂಧಿಯ ಕೊಲೆ, ಅಧಿಕಾರಕ್ಕೆ ಬಿದ್ದ ನೂಕುನುಗ್ಗಲು ಎಂಬ ಕಾರಣಗಳನ್ನು ವಿಮರ್ಶಕರೆಲ್ಲ ಹೇಳಿದ್ದಾರೆ. ನನಗೆ ಮುಖ್ಯವೆನಿಸುವುದು ಅಡಿಗರ ವಿಧಾನ. ಅದಕ್ಕೂ ಹಿಂದಿನ ನವೋದಯ ಕಾವ್ಯದ ಹದವಾದ ಲಯವನ್ನು ಬೇಕೆಂದೇ ಒರಟು ಮಾಡಿ, ಪುರಾಣವನ್ನೂ ಪೇಟೆಬೀದಿಯನ್ನೂ ಒಂದೇ ಉಸಿರಿನಲ್ಲಿ ತಂದ ಈ ಕಾವ್ಯದಲ್ಲಿ ದೂರುವವನೂ ಆರೋಪಿಯೇ. ಕೊಳೆತದ್ದು ಗೊತ್ತಿದ್ದೂ ಸುಮ್ಮನಿರುವ ‘ನಾನು’ ಅದರ ಪಾತ್ರ. ನೀತಿಗೇಡನ್ನು ಹೊರಗಿನ ಖಳನ ತಲೆಗೆ ಕಟ್ಟದಿರುವುದು ನವ್ಯದ ದೊಡ್ಡತನ. ಅದರ ಮಿತಿಯೂ ಅದೇ: ಕೇಡೆಲ್ಲ ಒಬ್ಬ ಓದಿದವನ ಎದೆಯೊಳಗೇ ನಡೆಯುತ್ತದೆ.

ಅದೇ ಆರು ವರ್ಷಗಳಲ್ಲಿ ಕಲಬುರಗಿ ಜಿಲ್ಲೆಯಲ್ಲಿ ಕುಸಿತಕ್ಕೆ ರೂಪಕದ ಹಂಗಿರಲಿಲ್ಲ. ನಿಜಾಮನ ಪರ ನಿಂತ ರಜಾಕಾರರ ಪಡೆಯ ಹಾವಳಿ, ಹೈದರಾಬಾದನ್ನು ಭಾರತಕ್ಕೆ ಸೇರಿಸಲು 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ಸೇನೆ ನಡೆಸಿದ ‘ಪೊಲೀಸ್ ಕಾರ್ಯಾಚರಣೆ’, ಅದರ ಬೆನ್ನಿಗೆ ಮುಸ್ಲಿಮರ ಮೇಲೆ ನಡೆದ ಹಿಂಸೆ. ಕೇಂದ್ರ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಹೈದರಾಬಾದ್ ಸಂಸ್ಥಾನದಲ್ಲಿ ಕಾರ್ಯಾಚರಣೆಯ ವೇಳೆ ಮತ್ತು ನಂತರ 27,000ದಿಂದ 40,000 ಜನ ಸತ್ತಿರಬಹುದೆಂದು ಅಂದಾಜಿಸಿತು. ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗವೂ (ಇಂದಿನ ಕಲಬುರಗಿ) ಒಂದು. ಆ ವರದಿ ದಶಕಗಳ ಕಾಲ ಬೀರುವಿನಲ್ಲೇ ಉಳಿಯಿತು. ನವ್ಯದ ಹೆಸರಾಂತ ಸಂಕಲನಗಳಲ್ಲಿ, ನಾನು ಓದಿದ ಮಟ್ಟಿಗೆ, ಇದರ ನೆರಳೂ ಇಲ್ಲ. ಅದಕ್ಕೆ ಕವಿಗಳನ್ನು ದೂರುವುದು ಸುಲಭ, ನ್ಯಾಯವಲ್ಲ. ಇಲ್ಲಿ ಶಾಲೆ, ಕಚೇರಿ ಉರ್ದುವಿನಲ್ಲಿದ್ದವು. 1956ರ ನವೆಂಬರ್ 1ರವರೆಗೆ ಈ ಸೀಮೆ ಆ ಕವಿಗಳಿಗೆ ಬೇರೆ ರಾಜ್ಯವಾಗಿತ್ತು.

ಈ ಮೌನಕ್ಕೆ ಎದುರಾಗಿ ಬಂದವರು ಕವಿ ಚೆನ್ನಣ್ಣ ವಾಲೀಕಾರ. ಹುಟ್ಟಿದ್ದು ಚಿತ್ತಾಪುರ ತಾಲ್ಲೂಕಿನ ಶಂಕರವಾಡಿಯಲ್ಲಿ. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದು 2019ರಲ್ಲಿ ತೀರಿಕೊಂಡರು. ವಾಲೀಕಾರ ಎಂಬುದೇ ಊರಚಾಕರಿಯ ಹೆಸರು. ಅವರ ‘ಕರಿತೆಲಿ ಮಾನವನ ಜೀಪದ’ ಎಂಬ ಶೀರ್ಷಿಕೆಯನ್ನೇ ನೋಡಿ. ‘ತಲೆ’ ಅಲ್ಲ, ‘ತೆಲಿ’. ಶಹಾಬಾದ್, ವಾಡಿಯ ಸ್ಟೇಷನ್ನಿನಲ್ಲಿ ಕಿವಿಗೆ ಬೀಳುವ ಮಾತು ಸಂಕಲನದ ರಟ್ಟಿನ ಮೇಲೆಯೇ ಬಂದು ಕೂತಿದೆ. ‘ಜೀಪದ’ದೊಳಗಿನ ‘ಪದ’ವೂ ಇಲ್ಲಿಯವರಿಗೆ ಶಬ್ದವಲ್ಲ, ಹಾಡು. ಮುಂದೆ ‘ವ್ಯೋಮಾವ್ಯೋಮ’ದಂಥ ಮಹಾಕಾವ್ಯಕ್ಕೆ ಕೈಹಾಕಿದ ಇವರನ್ನು 1979ರ ನಂತರದ ಬಂಡಾಯ ಸಾಹಿತ್ಯದ ಕಪಾಟಿನಲ್ಲಿ ಇಟ್ಟು ಮರೆಯುವುದು ರೂಢಿ. ಹಾಗೆ ಇಡುವುದರಿಂದ ಅವರು ನವ್ಯದೊಂದಿಗೆ ನಡೆಸಿದ ಜಗಳ ಕಾಣದೆ ಹೋಗುತ್ತದೆ. ಒಂದು ವ್ಯವಸ್ಥೆ ಕುಸಿಯಿತೆಂದು ಮರುಗಬೇಕಾದರೆ ಅದು ಒಮ್ಮೆ ನಮಗೂ ನೆರಳು ಕೊಟ್ಟಿರಬೇಕು. ಊರ ಹೊರಗಿನವನಿಗೆ ಗಟ್ಟಿಯಾಗಿ ನಿಂತಿದ್ದ ಊರೇ ನೀತಿಗೇಡು. ಅದು ಬಿದ್ದರೆ ಅವನ ಹಾಡು ಅಳುವಾಗುವುದಿಲ್ಲ, ಕೇಕೆಯಾಗುತ್ತದೆ.

ಈ ವ್ಯತ್ಯಾಸ ಕಾಣಲು ಅಗೆತದ ಚಿತ್ರವನ್ನೇ ತೆಗೆದುಕೊಳ್ಳೋಣ. ಅಡಿಗರ ‘ಭೂತ’ದಲ್ಲಿ ಅಗೆಯುವುದೆಂದರೆ ಹೂತುಹೋದ ಪರಂಪರೆಯನ್ನು ಕೆದಕುವುದು, ಸಿಕ್ಕ ಅದಿರನ್ನು ಸೋಸಿ ಅಪರಂಜಿ ಮಾಡುವುದು. ಶಹಾಬಾದಿನ ಖಣಿಯಲ್ಲಿ ಅಗೆತ ದಿನಗೂಲಿ. ಸುಣ್ಣಕಲ್ಲು ಅಲ್ಲಿ ರೊಟ್ಟಿ ಪೇರಿಸಿದ ಹಾಗೆ ಪದರುಪದರಾಗಿ ಮಲಗಿದೆ. ಸಂದಿಗೆ ಹಾರೆ ತೂರಿ ಮೀಟಿದರೆ ಒಂದು ಪದರು ಸದ್ದು ಮಾಡಿ ಏಳುತ್ತದೆ. ಬಿರುಕು ಬಿಟ್ಟರೆ ಆ ಫರಸಿಗೆ, ಅಂದರೆ ಹಾಸುಗಲ್ಲಿಗೆ, ಬೆಲೆಯಿಲ್ಲ. ಹುಬ್ಬಿನ ಮೇಲೆ ಬಿಳಿ ಧೂಳು. ಎಬ್ಬಿಸಿದವನ ಮನೆಯ ಛಾವಣಿಯೂ ಅದೇ ಕಲ್ಲು, ಮೇ ತಿಂಗಳ ರಾತ್ರಿಯಲ್ಲೂ ಬಿಸಿ ಉಗುಳುತ್ತಿರುತ್ತದೆ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು, ಕಲ್ಲು ಊರೂರಿಗೆ ಹೋಯಿತು, ಆಮೇಲೆ ಸಿಮೆಂಟ್ ಬಂತು. ಚಿಂಚೋಳಿಯ ಕಾಡಂಚಿನಿಂದ ಭೀಮೆಯವರೆಗಿನ ಈ ನೆಲದಲ್ಲಿ ಕಲ್ಲು ತೀರಿದ ಖಣಿಗಳನ್ನು ಹಾಗೇ ಬಿಟ್ಟು ಹೋಗುತ್ತಾರೆ. ಮಳೆಗಾಲದಲ್ಲಿ ನೀರು ನಿಲ್ಲುತ್ತದೆ. ಹೆಂಗಸರು ಅಂಚಿನ ಒಡಕು ಫರಸಿಯ ಮೇಲೆ ಬಟ್ಟೆ ಒಗೆಯುತ್ತಾರೆ.