ಆಲೂಗಡ್ಡೆಯ ಸಕ್ಕರೆ ಪರೀಕ್ಷೆ

ಚಿಪ್ಸ್ ತಯಾರಿಕೆಗೆಂದು ದಾಸ್ತಾನು ಮಾಡಿದ ಆಲೂಗಡ್ಡೆಯಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಷ್ಟಿವೆ ಎಂದು ಕರಿಯುವ ಮುನ್ನವೇ ಅಳೆದು ನೋಡುವ ಕ್ರಮ. ಈ ಅಪಕರ್ಷಕ ಸಕ್ಕರೆಗಳು ಹೆಚ್ಚಿದ್ದರೆ ಬಿಲ್ಲೆಗಳು ಎಣ್ಣೆಯಲ್ಲಿ ಕಂದು ತಿರುಗಿ ಕಹಿಯಾಗುತ್ತವೆ. 100 ಗ್ರಾಂ ಹಸಿ ಗಡ್ಡೆಯಲ್ಲಿ ಅವು 100 ಮಿಲಿಗ್ರಾಂ ಮೀರಬಾರದು ಎಂಬುದು ಚಿಪ್ಸ್ ಉದ್ಯಮದಲ್ಲಿ ಸಾಮಾನ್ಯವಾಗಿ ಹೇಳುವ ಮಿತಿ.

ತೊಡಕು ಶುರುವಾಗುವುದು ಶೀತಲಗೃಹದಲ್ಲಿ. 2ರಿಂದ 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಟ್ಟ ಗಡ್ಡೆ ಮೊಳೆಯುವುದಿಲ್ಲ, ಬೇಗ ಕೊಳೆಯುವುದೂ ಇಲ್ಲ. ಬಿತ್ತನೆಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಬೇಡ. ಆದರೆ ಅದೇ ತಂಪಿಗೆ ಗಡ್ಡೆಯೊಳಗಿನ ಪಿಷ್ಟ ಕರಗಿ ಮೊದಲು ಸುಕ್ರೋಸ್ ಆಗುತ್ತದೆ, ಇನ್ವರ್ಟೇಸ್ ಎಂಬ ಕಿಣ್ವ ಅದನ್ನು ಗ್ಲೂಕೋಸ್, ಫ್ರಕ್ಟೋಸ್‌ಗಳಾಗಿ ಒಡೆಯುತ್ತದೆ. ತಂಪಿಗೆ ಆಲೂಗಡ್ಡೆ ಸಿಹಿಯಾಗುವುದನ್ನು ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಹರ್ಮನ್ ಮುಲ್ಲರ್-ತುರ್ಗೌ 1882ರಲ್ಲೇ ವಿವರಿಸಿದ್ದರು. ಆಗ ಅದು ಬರೀ ಸಸ್ಯಶಾಸ್ತ್ರದ ಕುತೂಹಲ. ಸಕ್ಕರೆಯೂ ಅಮೈನೊ ಆಮ್ಲವೂ ಕಾವಿನಲ್ಲಿ ಕೂಡಿ ಕಂದು ಬಣ್ಣ ತಳೆಯುತ್ತವೆಂದು ಫ್ರಾನ್ಸಿನ ಲೂಯಿ ಕಮಿಲ್ ಮೈಯಾರ್ 1912ರಲ್ಲಿ ತೋರಿಸಿದ ಮೇಲೆ, ಚಿಪ್ಸ್ ಕರಿದಾಗ ಕಪ್ಪಾಗುವುದು ಏಕೆಂಬುದಕ್ಕೆ ಉತ್ತರ ಸಿಕ್ಕಂತಾಯಿತು.

ಅಳೆಯುವ ರಸಾಯನಶಾಸ್ತ್ರ ಅದಕ್ಕೂ ಹಳೆಯದು. ನೀಲಿ ದ್ರಾವಣ ಕುದಿಸಿದಾಗ ಇಟ್ಟಿಗೆಗೆಂಪಾಗುವ ಫೆಹ್ಲಿಂಗ್ ಪರೀಕ್ಷೆ 19ನೇ ಶತಮಾನದ್ದು, ಬೆನೆಡಿಕ್ಟ್ ದ್ರಾವಣ 20ನೇ ಶತಮಾನದ ಆರಂಭದ್ದು; ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಎರಡೂ ಗೊತ್ತು. 1944ರಲ್ಲಿ ನೆಲ್ಸನ್ ಸುಧಾರಿಸಿದ ಸೊಮೊಗಿ ವಿಧಾನ ಇವುಗಳಿಗಿಂತ ನಿಖರವಾದದ್ದು. ಆದರೆ ಗಡ್ಡೆ ಅರೆದು, ಸೋಸಿ, ಬಿಸಿನೀರಿನಲ್ಲಿಟ್ಟು, ಬಣ್ಣ ಅಳೆದು ಮುಗಿಯುವ ತನಕ ಕಾರ್ಖಾನೆಯ ಗೇಟಿನಲ್ಲಿ ಲಾರಿ ನಿಂತಿರಬೇಕು. ಇದು ಪ್ರಯೋಗಾಲಯಕ್ಕೆ ಸರಿ, ವ್ಯಾಪಾರಕ್ಕಲ್ಲ.

ದಾರಿ ತೋರಿದ್ದು ಮಧುಮೇಹದ ವೈದ್ಯಕೀಯ. ಮೂತ್ರದಲ್ಲಿ ಗ್ಲೂಕೋಸ್ ಇದೆಯೇ ಎಂದು ನೋಡಲು 1956ರಲ್ಲಿ ಅಮೆರಿಕದಲ್ಲಿ ಬಂದ ಕಾಗದದ ಪಟ್ಟಿಗಳನ್ನು ಆಲೂಗಡ್ಡೆಯವರು ತಮ್ಮ ಕೆಲಸಕ್ಕೆ ಬಳಸಿಕೊಂಡರು. ಗಡ್ಡೆಯನ್ನು ಉದ್ದಕ್ಕೆ ಸೀಳಿ, ಹಸಿ ಮೈಗೆ ಪಟ್ಟಿ ಒತ್ತಿ, ಮೂಡಿದ ಬಣ್ಣವನ್ನು ಡಬ್ಬಿಯ ಮೇಲಿನ ಬಣ್ಣಗಳೊಂದಿಗೆ ಹೋಲಿಸಿದರೆ ಆಯಿತು. ಪಟ್ಟಿಗೆ ಕಾಣುವುದು ಗ್ಲೂಕೋಸ್ ಮಾತ್ರ, ಫ್ರಕ್ಟೋಸ್ ತಪ್ಪಿಸಿಕೊಳ್ಳುತ್ತದೆ. ಲೆಲ್ಯಾಂಡ್ ಕ್ಲಾರ್ಕ್ 1962ರಲ್ಲಿ ರೂಪಿಸಿದ ಕಿಣ್ವ ವಿದ್ಯುದಗ್ರದಿಂದ ಬೆಳೆದ ಗ್ಲೂಕೋಸ್ ಯಂತ್ರಗಳು 1970ರ ದಶಕದಲ್ಲಿ ಮಾರುಕಟ್ಟೆಗೆ ಬಂದವು. ಅವು ಹಿಂಡಿದ ರಸದ ಒಂದೆರಡು ಹನಿಯಲ್ಲೇ ನಿಮಿಷದೊಳಗೆ ಅಂಕಿ ಕೊಡುತ್ತವೆ, ಸುಕ್ರೋಸನ್ನೂ ಅಳೆಯುತ್ತವೆ. ನನ್ನ ಮಟ್ಟಿಗೆ ಮುಖ್ಯ ತಿರುವು ಈ ಕೊನೆಯದೇ. ಕೊಯ್ಲಿನ ಹೊತ್ತಿಗೆ ಸುಕ್ರೋಸ್ ಹೆಚ್ಚಿದ್ದರೆ ಗಡ್ಡೆ ಇನ್ನೂ ಬಲಿತಿಲ್ಲ, ದಾಸ್ತಾನಿನಲ್ಲಿ ಕೈಕೊಡುತ್ತದೆ ಎಂದು ತಿಂಗಳುಗಳ ಮೊದಲೇ ಹೇಳಲು ಸಾಧ್ಯವಾಯಿತು.

ಇಷ್ಟಾದರೂ ಕೊನೆಯ ತೀರ್ಪು ಬಾಣಲೆಯದ್ದೇ. ಬೇರೆ ಬೇರೆ ಚೀಲಗಳಿಂದ ಗಡ್ಡೆ ಆಯ್ದು, ಒಂದೂವರೆ ಮಿಲಿಮೀಟರ್ ಆಸುಪಾಸಿನ ಬಿಲ್ಲೆಗಳಾಗಿ ಹೆರೆದು, ಸುಮಾರು 180 ಡಿಗ್ರಿ ಕಾದ ಎಣ್ಣೆಯಲ್ಲಿ ಗುಳ್ಳೆ ಅಡಗುವವರೆಗೆ ಬಿಟ್ಟು, ತೆಗೆದು ಬಣ್ಣದ ಪಟದೊಂದಿಗೆ ಹೋಲಿಸುತ್ತಾರೆ. ಬಿಲ್ಲೆ ಪೂರ್ತಿ ಕಂದಾದರೆ ದಾಸ್ತಾನಿನ ತಂಪು ಹೆಚ್ಚಾಗಿತ್ತೆಂಬ ಗುಮಾನಿ. ಬಳ್ಳಿಗೆ ಅಂಟಿದ್ದ ತುದಿಯಷ್ಟೇ ಕಪ್ಪಾದರೆ ಹೊಲದಲ್ಲೇ ಬಿಸಿಲಿಗೋ ನೀರಿನ ಕೊರತೆಗೋ ಬೆಳೆ ಬಳಲಿರಬೇಕು. ಇಂಥ ಸೂಕ್ಷ್ಮ ಒಂದೇ ಅಂಕಿಯಲ್ಲಿ ಕಾಣುವುದಿಲ್ಲ.

ಭಾರತದಲ್ಲಿ ಪೊಟ್ಟಣದ ಚಿಪ್ಸ್ ವ್ಯಾಪಾರ 1990ರ ದಶಕದಲ್ಲಿ ಭರದಿಂದ ಬೆಳೆಯಿತು. ಶಿಮ್ಲಾದ ಕೇಂದ್ರ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1998ರಲ್ಲಿ ಸಕ್ಕರೆ ಕಡಿಮೆಯಿರುವ ಕುಫ್ರಿ ಚಿಪ್ಸೋನಾ-1, ಚಿಪ್ಸೋನಾ-2 ತಳಿಗಳನ್ನು ಹೊರತಂದಿತು. ದಾಸ್ತಾನಿನ ಕ್ರಮವೂ ಬದಲಾಯಿತು: ಗಡ್ಡೆಯನ್ನು 10ರಿಂದ 12 ಡಿಗ್ರಿಯಲ್ಲಿಟ್ಟು, ಮೊಳಕೆ ತಡೆಯಲು ಸಿಐಪಿಸಿ ಎಂಬ ರಾಸಾಯನಿಕದ ಹೊಗೆ ಹಾಯಿಸುವುದು. ಹೀಗಿಟ್ಟ ಮಾಲನ್ನು ಮಂಡಿಗಳಲ್ಲಿ ‘ಶುಗರ್ ಫ್ರೀ’ ಆಲೂ ಎಂದು ಕರೆದು ಮಾರುತ್ತಾರೆ. ಪಿಷ್ಟವೆಲ್ಲ ಹಾಗೇ ಇರುವುದರಿಂದ ಸಕ್ಕರೆ ಕಾಯಿಲೆಯವರು ಹೆಸರು ನಂಬಿ ಮೋಸಹೋಗಬಾರದು. ತಂಪಿನಲ್ಲಿ ಸಿಹಿಯಾದ ಮಾಲನ್ನು ಎರಡು ಮೂರು ವಾರ 15ರಿಂದ 20 ಡಿಗ್ರಿಯ ಹದಕ್ಕೆ ತಂದರೆ ಸಕ್ಕರೆ ಒಂದಿಷ್ಟು ಇಳಿಯುತ್ತದೆ, ಪೂರ್ತಿ ಅಲ್ಲ.

2002ರಲ್ಲಿ ಈ ಪರೀಕ್ಷೆಗೆ ಇನ್ನೊಂದು ಕಾರಣ ಸೇರಿತು. ಕರಿದ ಪಿಷ್ಟಭರಿತ ತಿನಿಸುಗಳಲ್ಲಿ, ಕ್ಯಾನ್ಸರ್ ತರಬಹುದೆಂಬ ಶಂಕೆಯಿರುವ ಅಕ್ರಿಲಮೈಡ್ ಇದೆ ಎಂದು ಸ್ವೀಡನ್ನಿನ ವಿಜ್ಞಾನಿಗಳು ಪ್ರಕಟಿಸಿದರು. ಆಸ್ಪರಜೀನ್ ಎಂಬ ಅಮೈನೊ ಆಮ್ಲ ಮತ್ತು ಅಪಕರ್ಷಕ ಸಕ್ಕರೆ ಕಾವಿಗೆ ಸೇರಿ ಅದು ಹುಟ್ಟುತ್ತದೆಂದು ಅದೇ ವರ್ಷ ಗೊತ್ತಾಯಿತು. ಐರೋಪ್ಯ ಒಕ್ಕೂಟ 2017ರ ನಿಯಮದಲ್ಲಿ ಚಿಪ್ಸಿಗೆ ಕಿಲೊಗೆ 750 ಮೈಕ್ರೊಗ್ರಾಂ ಮಾನದಂಡ ಗೊತ್ತುಮಾಡಿತು. ಬಣ್ಣಕ್ಕೆಂದು ನಡೆಯುತ್ತಿದ್ದ ಪರೀಕ್ಷೆ ಆರೋಗ್ಯದ ಲೆಕ್ಕಕ್ಕೂ ಬಂತು.

ಕರ್ನಾಟಕದಲ್ಲಿ ಆಲೂಗಡ್ಡೆಯೆಂದರೆ ಮೊದಲು ಹಾಸನ. ಅಲ್ಲಿನ ಮುಂಗಾರು ಬೆಳೆಗೆ ಕುಫ್ರಿ ಜ್ಯೋತಿ ತಳಿಯ ಬಿತ್ತನೆ ಪಂಜಾಬಿನಿಂದ ಬರುತ್ತದೆ. ಬಿತ್ತುವವರೆಗೆ ಅದನ್ನು ಕಾಪಾಡುವುದೇ ಊರಿನ ಶೀತಲಗೃಹಗಳ ಮುಖ್ಯ ಕೆಲಸ. ಬಿತ್ತನೆಗೆ ಹೊಂದುವ ಆ ತಂಪು ಚಿಪ್ಸಿಗೆ ಹೊಂದುವುದಿಲ್ಲ. 2000ದ ದಶಕದಲ್ಲಿ ಚಿಪ್ಸ್ ಕಂಪನಿಯ ಒಪ್ಪಂದ ಕೃಷಿ ಹಾಸನಕ್ಕೆ ಬಂದಾಗ ತಳಿಯೂ ಗುಣಮಟ್ಟದ ಷರತ್ತುಗಳೂ ಬೇರೆಯಾದವು. ಆದರೆ ಅಂಗಮಾರಿ ರೋಗದ ಹೊಡೆತಕ್ಕೆ ಜಿಲ್ಲೆಯ ಆಲೂ ಪ್ರದೇಶವೇ ಕುಗ್ಗುತ್ತ ಬಂತು.

ಹಾಸನದ ಹಾಗಲ್ಲ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಮೆಕ್ಕೆಜೋಳ, ಶೇಂಗಾ, ಜೋಳದ ಸೀಮೆ. ಮಂಡಕ್ಕಿ ಮಿರ್ಚಿಯ ಸೀಮೆಯೂ ಹೌದು. ಆಲೂಗಡ್ಡೆ ಇಲ್ಲಿಗೆ ಹೊರಗಿನಿಂದ ಬರುವ ಮಾಲು. ಇಂಥ ಊರುಗಳಲ್ಲಿ ಕಣ್ಣೆದುರೇ ಚಿಪ್ಸ್ ಕರಿದು ಮಾರುವವರಿಗೆ ಯಂತ್ರವೂ ಇಲ್ಲ, ಪಟ್ಟಿಯೂ ಇಲ್ಲ. ಹೊಸ ಚೀಲ ಬಿಚ್ಚಿದಾಗ ನಾಲ್ಕು ಬಿಲ್ಲೆ ಎಣ್ಣೆಗೆ ಬಿಟ್ಟು ನೋಡುವುದೇ ಪರೀಕ್ಷೆ. ಕಂದಾದರೆ ಆ ಚೀಲ ಪಲ್ಯಕ್ಕೆ, ಬೋಂಡಕ್ಕೆ.