ಹೆಸರು ಮರೆಸಿದ ಬೇನೆ

1939ನೆಯ ಇಸವಿ ಆಗಸ್ಟ್ ತಿಂಗಳು. ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ನಗರದಲ್ಲಿ, ಸೇಂಟ್ ಥಾಮಸ್ ಆಸ್ಪತ್ರೆಗೆ ಒಬ್ಬ ರೋಗಿಯನ್ನು ಸೇರಿಸಿಕೊಂಡರು. ಜಠರದ ಉರಿಯೂತವೆಂದು ದಾಖಲೆಯಲ್ಲಿ ಬರೆದರು. ಆದರೆ ಅವನ ನಿಜವಾದ ಬೇನೆ ಮದ್ಯವ್ಯಸನ. ಇದ್ದುದನ್ನು ಇದ್ದಂತೆ ಬರೆದರೆ ಅಂಥವರಿಗೆ ಹಾಸಿಗೆ ದೊರೆಯುವುದು ದುರ್ಲಭವಾಗಿದ್ದ ಕಾಲ ಅದು. ಆದಕಾರಣ ದಾಖಲಾತಿಯ ಹೊಣೆ ಹೊತ್ತಿದ್ದ ಸನ್ಯಾಸಿನಿ ಇಗ್ನೇಷಿಯಾ ಮತ್ತು ವೈದ್ಯ ರಾಬರ್ಟ್ ಸ್ಮಿತ್ ಈ ಸಣ್ಣ ಸುಳ್ಳನ್ನು ಆಶ್ರಯಿಸಿದರು. ಸ್ಮಿತ್ ತಾವೇ ಕುಡಿತದಿಂದ ಬಿಡಿಸಿಕೊಂಡವರು; 1935ರಲ್ಲಿ ಬಿಲ್ ವಿಲ್ಸನ್ ಜೊತೆಗೂಡಿ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಎಂಬ ಬಳಗವನ್ನು ಆರಂಭಿಸಿದವರು. ಅಲ್ಲಿಯೂ ಸದಸ್ಯರ ಪೂರ್ಣ ಹೆಸರು ಹೊರಗೆ ಬರುವಂತಿರಲಿಲ್ಲ.

ಇದು ರೋಗವೆಂಬುದು ವೈದ್ಯರಿಗೆ ತಿಳಿಯದ ಸಂಗತಿಯೇನಲ್ಲ. ಬ್ರಿಟಿಷ್ ನೌಕಾಪಡೆಯ ವೈದ್ಯನಾಗಿದ್ದ ಥಾಮಸ್ ಟ್ರಾಟರ್ ಕುಡಿತದ ಚಟವನ್ನು ಮನಸ್ಸಿನ ಕಾಯಿಲೆಯೆಂದು 1804ರಷ್ಟು ಹಿಂದೆಯೇ ಗ್ರಂಥಸ್ಥಗೊಳಿಸಿದ್ದ. ಆದರೆ ಗ್ರಂಥದ ಮಾತು ಗ್ರಂಥದಲ್ಲೇ ಉಳಿಯಿತು. ಕುಡುಕನೆಂದರೆ ಪಾಪಿ, ಮನೋಬಲವಿಲ್ಲದವನು ಎಂಬ ಲೋಕದ ತೀರ್ಪು ಕದಲಲಿಲ್ಲ.

ಅದನ್ನು ಕದಲಿಸಲು ಹೊರಟವರಲ್ಲಿ ಒಬ್ಬರು ಮಾರ್ಟಿ ಮಾನ್ ಎಂಬ ಮಹಿಳೆ. 1904ರಲ್ಲಿ ಷಿಕಾಗೋ ನಗರದಲ್ಲಿ ಹುಟ್ಟಿದ ಈಕೆ ಸಿರಿವಂತರ ಮನೆಯ ಮಗಳು. ಕುಡಿತ ಆಕೆಯನ್ನು ಮಾನಸಿಕ ಚಿಕಿತ್ಸಾಲಯದವರೆಗೆ ಕೊಂಡೊಯ್ದಿತು. ಅಲ್ಲಿಂದ ಚೇತರಿಸಿಕೊಂಡು, 1944ರಲ್ಲಿ ಯೇಲ್ ವಿಶ್ವವಿದ್ಯಾಲಯದ ವಿದ್ವಾಂಸರ ಬೆಂಬಲದಿಂದ ಲೋಕಶಿಕ್ಷಣದ ಸಮಿತಿಯೊಂದನ್ನು ಕಟ್ಟಿದರು. ಊರೂರಿಗೆ ಹೋಗಿ ಮೂರು ಮಾತುಗಳನ್ನು ಸಾರಿದರು: ಇದು ರೋಗ, ಇದಕ್ಕೆ ಸಿಕ್ಕಿದವನು ರೋಗಿ, ಅವನಿಗೆ ನೆರವಾಗಬಹುದು, ನೆರವಿಗೆ ಅವನು ಅರ್ಹ, ಈ ಹೊಣೆ ಇಡೀ ಸಮಾಜದ್ದು. ಇವುಗಳಿಗೆ ಬಲ ತಂದದ್ದು ನಾಲ್ಕನೆಯ ಮಾತು: ‘ನಾನೂ ಅಂಥವಳೇ.’ ಕುಡಿತ ಗಂಡಸಿಗಿಂತ ಹೆಣ್ಣಿಗೆ ಇಮ್ಮಡಿ ಕಳಂಕವಾಗಿದ್ದ ಕಾಲದಲ್ಲಿ ಒಬ್ಬ ಹೆಂಗಸು ವೇದಿಕೆಯ ಮೇಲೆ ನಿಂತು ಹಾಗೆ ಹೇಳಿದಳೆಂಬುದನ್ನು ನಾವು ಮರೆಯಬಾರದು.

1956ರಲ್ಲಿ ಅಮೆರಿಕದ ವೈದ್ಯಸಂಘವು ಮದ್ಯವ್ಯಸನಿಗಳನ್ನು ರೋಗಿಗಳೆಂದು ಪರಿಗಣಿಸಿ ಆಸ್ಪತ್ರೆಗಳಿಗೆ ಸೇರಿಸಿಕೊಳ್ಳಬೇಕೆಂದು ನಿರ್ಣಯಿಸಿತು. ತಮ್ಮ ಹಳೆಯ ಕುಡಿತವನ್ನು ಬಚ್ಚಿಡದ ಸೆನೆಟರ್ ಹೆರಾಲ್ಡ್ ಹ್ಯೂಸ್ ಅವರ ಶ್ರಮದಿಂದ 1970ರ ಡಿಸೆಂಬರಿನಲ್ಲಿ ಒಂದು ಶಾಸನವೂ ಬಂತು. ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಮದ್ಯವ್ಯಸನಿ ಎಂಬ ಒಂದೇ ಕಾರಣಕ್ಕೆ ರೋಗಿಯನ್ನು ಹಿಂದಕ್ಕೆ ಕಳಿಸಕೂಡದೆಂದು ಅದು ವಿಧಿಸಿತು. ಆಕ್ರನ್ನಿನ ಸುಳ್ಳಿಗೂ ಈ ಶಾಸನಕ್ಕೂ ನಡುವಣ ಅಂತರ ಮೂವತ್ತೊಂದು ವರ್ಷ.

ನಮ್ಮ ಮನೆಯಲ್ಲಿಯೂ ಇಂಥದೊಂದು ಸುಳ್ಳಿತ್ತು. ನೆಂಟರು ಬಂದಾಗ ನಮ್ಮ ಚಿಕ್ಕಪ್ಪ ಹಿತ್ತಿಲ ಕೋಣೆಯಲ್ಲಿರುತ್ತಿದ್ದರು. ಕೇಳಿದವರಿಗೆ ‘ಹೊಟ್ಟೆನೋವು, ಮಲಗಿದ್ದಾರೆ’ ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ಹುಡುಗನಾಗಿದ್ದ ನಾನೂ ಎಷ್ಟೋ ಸಲ ಹಾಗೆಯೇ ಹೇಳಿದ್ದೇನೆ. ಸನ್ಯಾಸಿನಿ ಇಗ್ನೇಷಿಯಾ ಸುಳ್ಳು ಹೇಳಿದ್ದು ರೋಗಿಯನ್ನು ಒಳಗೆ ಕರೆದುಕೊಳ್ಳಲು. ನಾವು ಹೇಳಿದ್ದು ಮರೆಯಲ್ಲಿಡಲು. ಮನೆತನದ ಮರ್ಯಾದೆ ಉಳಿಯಿತು, ಚಿಕ್ಕಪ್ಪ ಉಳಿಯಲಿಲ್ಲ.

ಇಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಅಲ್ಲಿಗೆ ಹೋಗುವ ಹಾದಿ ಮಾತ್ರ ಮನೆಯ ಪಡಸಾಲೆಯಿಂದಲೇ ಆರಂಭವಾಗಬೇಕು. ಬೇನೆಯನ್ನು ಅದರ ಹೆಸರಿನಿಂದ ಕರೆಯೋಣ. ಬೇನೆ ಬಿದ್ದವರನ್ನು ಅವರ ಹೆಸರಿನಿಂದ ಕರೆಯೋಣ.