ಎತ್ತಿನ ಗಾಡಿ ಕಾಲದ ಸಾವಿರ ರೂಪಾಯಿ (ಭಾಗ 4)

ಮಧುವನಹಳ್ಳಿ ರೋಡಲ್ಲಿ ವ್ಹೀಲಿಂಗ್ ಮಾಡೋ ಗೆಳೆಯರೇ, ನಿಮ್ಮನ್ನ ಹಿಡಿಯೋ ಕಾನೂನು ಬೈಕಿಗಿಂತ ಹಳೇದು, ಗೊತ್ತಾ?

ನಮ್ಮ ಕೊಳ್ಳೇಗಾಲ 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹಾಗಾಗಿ 1860ರ ದಂಡ ಸಂಹಿತೆ 1862ರಲ್ಲಿ ಜಾರಿಯಾದಾಗಲೇ ಇಲ್ಲಿಗೂ ಬಂತು. ಆಗ ರಸ್ತೆಯಲ್ಲಿದ್ದದ್ದು ಎತ್ತಿನ ಗಾಡಿ, ಕುದುರೆ. ಜೀವಕ್ಕೆ ಅಪಾಯ ಆಗೋ ಹಾಗೆ ಓಡಿಸಿದರೆ 279ನೇ ಕಲಂ: 6 ತಿಂಗಳವರೆಗೆ ಜೈಲು, ಇಲ್ಲವೇ 1000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಆ ಕಾಲಕ್ಕೆ ಸಾವಿರ ಅಂದ್ರೆ ಆಸ್ತಿ. 2024ರಲ್ಲಿ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದೇ ಸಾವಿರ!

ಆದರೆ ಉಳಿದದ್ದು ಬದಲಾಗಿದೆ. ರಸ್ತೆ ರೇಸಿಗೆ 500 ಇದ್ದ ದಂಡ 2019ರಲ್ಲಿ 5000 ಆಯ್ತು, 1 ತಿಂಗಳ ಜೈಲು 3 ತಿಂಗಳಾಯ್ತು. ನಿರ್ಲಕ್ಷ್ಯದಿಂದ ಯಾರಾದ್ರೂ ಸತ್ತರೆ 2 ವರ್ಷವಿದ್ದ ಶಿಕ್ಷೆ ಈಗ 5 ವರ್ಷದವರೆಗೆ.

ಸಾವಿರ ತಾನೇ, ಕಟ್ಟಿದ್ರಾಯ್ತು ಅಂತ ಹೊರಡೋ ಮುಂಚೆ ಈ ಕೊನೇ ಲೆಕ್ಕ ನೋಡ್ಕೊಳ್ಳಿ.